ಸಿನಿಮಾ ಹೇಗಿತ್ತು ಅಂತ ಕೇಳಿದರೆ ನಿಜ ಹೇಳುವುದು ಹೇಗೆ

ನಮ್ಮ ಅಕ್ಕ ಇರುವುದು ಮೈಸೂರಿನಲ್ಲಿ. ಹೊಸ ಸಿನಿಮಾ ಬಂದಾಗಲೆಲ್ಲ ಶನಿವಾರ ರಾತ್ರಿ ಅವಳ ಫೋನ್ ಬರುತ್ತದೆ. "ಹೇಗಿದೆಯೋ, ಹೋಗಬಹುದಾ?" ಅಷ್ಟೇ ಪ್ರಶ್ನೆ. ನಾನು ವರ್ಷಗಟ್ಟಲೆ ಒಂದೇ ಉತ್ತರ ಕೊಟ್ಟುಕೊಂಡು ಬಂದಿದ್ದೆ. "ಪರವಾಗಿಲ್ಲ, ಒಂದ್ಸಲ ನೋಡಬಹುದು."

2024ರ ಡಿಸೆಂಬರ್‌ನಲ್ಲಿ ಉಪೇಂದ್ರ ಅವರ 'ಯುಐ' ಬಂತು. ಆಗಲೂ ಅದನ್ನೇ ಹೇಳಿದೆ. ಅಕ್ಕ, ಭಾವ, ಇಬ್ಬರು ಮಕ್ಕಳು ಹೊರಟರು. ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಸೇರಿ ಎರಡು ಸಾವಿರ ಹತ್ತಿರ ಆಯಿತಂತೆ. ಇಂಟರ್ವಲ್‌ನಲ್ಲೇ ಫೋನ್ ಬಂತು. "ಏನೋ, ನೀನು ನಿಜವಾಗ್ಲೂ ನೋಡಿದ್ಯಾ ಇದನ್ನ? ಚಿಕ್ಕವನು ನಿದ್ದೆ ಮಾಡ್ತಿದಾನೆ, ದೊಡ್ಡವಳು ನಿಮಿಷಕ್ಕೊಂದ್ಸಲ ಇದೇನಮ್ಮ ಅದೇನಮ್ಮ ಅಂತಿದಾಳೆ, ನಿಮ್ಮ ಭಾವ ನನ್ನ ಮುಖ ನೋಡ್ತಿದಾರೆ."

ತಪ್ಪು ಸಿನಿಮಾದ್ದಲ್ಲ, ನನ್ನದು. ನಾನು ಉಪೇಂದ್ರ ಅವರ ಅಭಿಮಾನಿ. 2015ರ 'ಉಪ್ಪಿ 2' ಆದಮೇಲೆ ಅವರು ಮತ್ತೆ ನಿರ್ದೇಶನ ಮಾಡಲಿ ಅಂತ ಒಂಬತ್ತು ವರ್ಷ ಕಾದವನು. ಸಿನಿಮಾ ಮುಗಿಸಿ ಹೊರಗೆ ಬಂದಾಗ ತಲೆಯೇನೋ ಬಿಸಿಯಾಗಿತ್ತು, ಆದರೆ ಮನಸ್ಸು ಒಂದಿಂಚೂ ಅಲ್ಲಾಡಿರಲಿಲ್ಲ. ಅದನ್ನು ಒಪ್ಪಿಕೊಳ್ಳೋಕೆ ನನಗೇ ಇಷ್ಟವಿರಲಿಲ್ಲ. ಗೆಳೆಯರ ಹತ್ತಿರ "ಎರಡನೇ ಸಲ ನೋಡಿದ್ರೆ ಅರ್ಥ ಆಗುತ್ತೆ ಗುರು" ಅಂತ ಹೇಳಿಕೊಂಡು ಓಡಾಡಿದೆ. ಎರಡನೇ ಸಲ ನಾನೇ ಹೋಗಲಿಲ್ಲ.

ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿನಿಮಾ ವಿಮರ್ಶಕರಿಗಲ್ಲ ಇದು. ಮನೆಯವರು, ಗೆಳೆಯರು, ಆಫೀಸಿನವರು "ಹೇಗಿತ್ತು" ಅಂತ ಕೇಳಿದಾಗ ಸುಳ್ಳು ಹೇಳದೆ, ಭಾಷಣವೂ ಬಿಗಿಯದೆ ಉತ್ತರ ಕೊಡಬೇಕು ಅನ್ನುವವರಿಗೆ.

ಮೊದಲು ಮೊಬೈಲ್ ಲೆಕ್ಕ

ಸಿನಿಮಾ ಚೆನ್ನಾಗಿತ್ತಾ ಇಲ್ಲವಾ ಅಂತ ತೀರ್ಮಾನ ಮಾಡೋಕೆ ಹೋಗಬೇಡಿ. ನಿಮಗೆ ಏನಾಯಿತು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಎಲ್ಲಿ ಕೈ ತಾನಾಗಿಯೇ ಜೇಬಿಗೆ ಹೋಗಿ ಮೊಬೈಲ್ ತೆಗೆಯಿತು? ಎಲ್ಲಿ ಟೈಮ್ ನೋಡಿದಿರಿ? ಎಲ್ಲಿ ಪಕ್ಕದವರ ಕಡೆ ತಿರುಗಿದಿರಿ? ಕೈ ಸುಳ್ಳು ಹೇಳುವುದಿಲ್ಲ. ಬಾಯಿ ಹೇಳುತ್ತದೆ, ಅದೂ ಅಭಿಮಾನಿಯ ಬಾಯಿಯಾದರೆ ಕೇಳಲೇ ಬೇಡಿ.

ಕತ್ತಲಲ್ಲಿ ಫೋನ್ ತೆಗೆದು ಟೈಪ್ ಮಾಡಬೇಡಿ, ಹಿಂದಿನ ಸಾಲಿನವರು ಬೈಯುತ್ತಾರೆ, ಬೈಯಲೂ ಬೇಕು. ಇಂಟರ್ವಲ್‌ನಲ್ಲಿ ಎರಡು ಸಾಲು, ಮುಗಿದ ಮೇಲೆ ಪಾರ್ಕಿಂಗ್‌ನಲ್ಲೋ ಮೆಟ್ರೋದಲ್ಲೋ ಮೂರು ಸಾಲು ಸಾಕು. ಒಂದೇ ಷರತ್ತು. ಅಷ್ಟು ಬರೆಯುವ ತನಕ ಬೇರೆಯವರ ಮಾತು ಕೇಳಬಾರದು. ಬಾಗಿಲಲ್ಲಿ ಮೈಕ್ ಹಿಡಿದು ನಿಂತವರ ಮುಂದೆ ಯಾರಾದರೂ "ನೂರು ದಿನ ಗ್ಯಾರಂಟಿ" ಅಂತ ಕೂಗಿದ್ದು ಕಿವಿಗೆ ಬಿದ್ದರೆ ಮುಗಿಯಿತು, ನಿಮ್ಮ ಅಭಿಪ್ರಾಯದ ಅರ್ಧ ಅಲ್ಲೇ ಹೋಯಿತು.

ಕರಾವಳಿಯ ಹಾಸ್ಯ ಸಿನಿಮಾ 'ಸು ಫ್ರಮ್ ಸೋ' ನೋಡಿದ ದಿನ ನಾನು ಬರೆದುಕೊಂಡಿದ್ದು ಹೀಗಿದೆ, ಇದ್ದ ಹಾಗೇ ಹಾಕುತ್ತೇನೆ.

"ಇಂಟರ್ವಲ್ ತನಕ ಮೊಬೈಲ್ ಮುಟ್ಟಿಲ್ಲ. ಪಕ್ಕದ ಸೀಟಿನ ಯಜಮಾನರು ನಗುತ್ತಾ ನನ್ನ ತೊಡೆಗೇ ಹೊಡೆದರು, ಪರಿಚಯ ಇಲ್ಲ. ರವಿಯಣ್ಣ ಬಂದಾಗಲೆಲ್ಲ ಖುಷಿ. ಸೆಕೆಂಡ್ ಹಾಫ್‌ನಲ್ಲಿ ಒಂದು ಕಡೆ ನಗು ಎಳೆದ ಹಾಗೆ, ಟೈಮ್ ನೋಡಿದೆ. ಕೊನೆಗೆ ಸೀರಿಯಸ್ ಆಯ್ತು, ಬೇಕಿತ್ತು, ಆದರೆ ಆತುರ ಆಯ್ತು."

ಐದಾರು ವಾಕ್ಯ ಅಷ್ಟೇ. ಇದರಲ್ಲಿ ಸ್ಟಾರ್ ಇಲ್ಲ, ಹತ್ತಕ್ಕೆ ಎಷ್ಟು ಅಂತ ಇಲ್ಲ. ಆದರೂ ಅಕ್ಕನಿಗೆ ಇದನ್ನು ಓದಿ ಹೇಳಿದರೆ ಹೋಗಬೇಕಾ ಬೇಡವಾ ಅಂತ ಅವಳೇ ತೀರ್ಮಾನ ಮಾಡುತ್ತಾಳೆ. ಹೋದಳು, ಈ ಸಲ ಇಂಟರ್ವಲ್‌ನಲ್ಲಿ ಫೋನ್ ಬರಲಿಲ್ಲ.

ಎಲ್ಲಿ ಕೂತು ನೋಡಿದಿರಿ

ಇದನ್ನು ಜನ ಹೇಳುವುದೇ ಇಲ್ಲ. ಆದರೆ ಅರ್ಧ ವಿಷಯ ಇರುವುದು ಇಲ್ಲೇ. ಅದೇ 'ಸು ಫ್ರಮ್ ಸೋ' ಆಮೇಲೆ ಓಟಿಟಿಗೆ ಬಂದಾಗ ಅಮ್ಮನಿಗೆ ಹಾಕಿ ತೋರಿಸಿದೆ. ಅವಳು ನಗುವುದನ್ನು ನೋಡಬೇಕು ಅಂತ ನಾನು ಟಿವಿ ಬಿಟ್ಟು ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ. ಎರಡು ಸಲ ಮುಗುಳ್ನಕ್ಕಳು. ಮಧ್ಯೆ ಎದ್ದು ಹೋಗಿ ಕುಕ್ಕರ್ ಆರಿಸಿ ಬಂದಳು. ಆಮೇಲೆ "ಇದಕ್ಕಾ ಅಷ್ಟೊಂದು ಕುಣಿದಾಡಿದ್ದು ನೀನು?" ಅಂದಳು.

ಅಮ್ಮ ತುಮಕೂರು ಕಡೆಯವಳು. ಕರಾವಳಿ ಕನ್ನಡದ ಆ ಓಟ, ಆ ಪದಗಳು ಅವಳ ಕಿವಿಗೆ ಪೂರ್ತಿ ಬೀಳಲಿಲ್ಲ. ಅದೊಂದು ಕಾರಣ. ಇನ್ನೊಂದು ಕಾರಣ ನನಗೆ ಆಗ ಹೊಳೆಯಿತು. ಥಿಯೇಟರ್‌ನಲ್ಲಿ ನಾನು ನಕ್ಕ ನಗುವಿನಲ್ಲಿ ಒಂದು ಪಾಲು ನನ್ನದಾಗಿರಲೇ ಇಲ್ಲ, ಸುತ್ತ ಕೂತಿದ್ದ ನಾನೂರು ಜನರದ್ದು. ಊರಿಗೆ ಊರೇ ಸುಲೋಚನಾ ದೆವ್ವದ ಹಿಂದೆ ಬೀಳುವ ಕಥೆಯನ್ನು ತುಂಬಿದ ಹಾಲ್‌ನಲ್ಲಿ ನೋಡಿದರೆ ನಾವೂ ಆ ಊರಿನವರಾಗಿಬಿಡುತ್ತೇವೆ. ಸೋಫಾ ಮೇಲೆ ಕೂತರೆ ಆಗುವುದಿಲ್ಲ. ಹಾಗಂತ ಸಿನಿಮಾ ಕೆಟ್ಟದಾಗಿಬಿಡಲಿಲ್ಲ. ಈಗ ಯಾರಾದರೂ ಕೇಳಿದರೆ "ಚೆನ್ನಾಗಿದೆ, ಆದರೆ ಒಬ್ಬರೇ ಕೂತು ನೋಡಬೇಡಿ, ನಾಲ್ಕು ಜನ ಸೇರಿಸಿಕೊಳ್ಳಿ" ಅಂತ ಹೇಳುತ್ತೇನೆ.

ಹಾಗಾಗಿ ಅಭಿಪ್ರಾಯದ ಜೊತೆ ಇಷ್ಟು ಸೇರಿಸಿ: ಥಿಯೇಟರ್‌ನಲ್ಲೋ ಮೊಬೈಲ್‌ನಲ್ಲೋ, ಮೊದಲ ದಿನವೋ ಮೂರನೇ ವಾರವೋ, ಜೊತೆಗೆ ಯಾರಿದ್ದರು, ಟಿಕೆಟ್ ಎಷ್ಟು. ಟಿಕೆಟ್ ದರ ಯಾಕೆ ಅಂತೀರಾ? 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಾವು ಹಳೇ ರೇಟಿಗೇ ವಾಪಸ್. 150 ರೂಪಾಯಿಗೆ ಸಿಂಗಲ್ ಸ್ಕ್ರೀನ್‌ನಲ್ಲಿ "ಪರವಾಗಿಲ್ಲ" ಅನ್ನಿಸಿದ ಸಿನಿಮಾ, ಮಲ್ಟಿಪ್ಲೆಕ್ಸ್‌ನಲ್ಲಿ 600 ಕೊಟ್ಟವನಿಗೆ ಹೊಟ್ಟೆ ಉರಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕ್ಲೈಮ್ಯಾಕ್ಸ್ ಮಂಪರು ಇಳಿಯಲಿ

'ಕಾಂತಾರ' 2022ರ ಸೆಪ್ಟೆಂಬರ್ 30ಕ್ಕೆ ಬಂತು. ನೋಡಿ ಬಂದ ರಾತ್ರಿ ನನಗೆ ಮಾತೇ ಹೊರಡಲಿಲ್ಲ. ಆ ಕೊನೆಯ ಇಪ್ಪತ್ತು ನಿಮಿಷ ಹಾಗಿತ್ತು. ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ಸಿನಿಮಾ ನೋಡಿದ ಆವತ್ತು ಸಿಕ್ಕಸಿಕ್ಕವರಿಗೆಲ್ಲ "ಒಂದೇ ಒಂದು ಕೊರತೆ ಇಲ್ಲ" ಅಂತ ಹೇಳಿದೆ.

ಇತ್ತು. ನಡುವಿನ ಭಾಗ ನಾನು ಮರೆತೇಬಿಟ್ಟಿದ್ದೆ. ನಾಯಕ ಶಿವ ನಾಯಕಿ ಲೀಲಾಳ ಸೊಂಟ ಚಿವುಟುವ ದೃಶ್ಯಕ್ಕೆ ಹಾಲ್‌ನಲ್ಲಿ ವಿಶಲ್ ಬಿದ್ದಿತ್ತು, ನಾನೂ ನಕ್ಕಿದ್ದೆ. ಒಂದು ವಾರ ಬಿಟ್ಟು ಅಕ್ಕನ ಮಗಳು "ಮಾಮ, ಅವನು ಹಾಗೆ ಮಾಡಿದ್ರೂ ಅವಳು ಯಾಕೆ ಅವನನ್ನೇ ಇಷ್ಟಪಟ್ಟಳು?" ಅಂತ ಕೇಳಿದಾಗ ಬಾಯಿ ಕಟ್ಟಿತು. ಕ್ಲೈಮ್ಯಾಕ್ಸ್ ಎಷ್ಟೇ ದೊಡ್ಡದಿದ್ದರೂ ಆ ಪ್ರಶ್ನೆಗೆ ಉತ್ತರ ಆಗಲ್ಲ. ಅದು ಬೇರೆ, ಇದು ಬೇರೆ. ಎರಡನ್ನೂ ಹೇಳಬಹುದು.

ಅದಕ್ಕೇ ಈಗ ಎರಡು ದಿನ ಬಿಟ್ಟು ಇನ್ನೊಮ್ಮೆ ಬರೆಯುತ್ತೇನೆ. ಬೇಕಂತಲೇ ಕೊನೆಯ ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ನೆನಪಿಸಿಕೊಳ್ಳುತ್ತೇನೆ. ಏನೂ ನೆನಪಾಗದಿದ್ದರೆ ಅದೂ ಒಂದು ಅಭಿಪ್ರಾಯವೇ. 2025ರ ಅಕ್ಟೋಬರ್ 2ಕ್ಕೆ 'ಕಾಂತಾರ ಅಧ್ಯಾಯ 1' ಬಂದಾಗ ಇದು ಉಪಯೋಗಕ್ಕೆ ಬಂತು. ದೊಡ್ಡ ಸಿನಿಮಾ, ದುಡ್ಡು ತೆರೆ ಮೇಲೆ ಕಾಣುತ್ತದೆ, ಕಾಡು ಮತ್ತು ಕಾಳಗ ನೋಡೋಕೆ ಥಿಯೇಟರೇ ಬೇಕು. ಆದರೆ ಎರಡು ದಿನ ಬಿಟ್ಟು ಕೂತರೆ ಫಸ್ಟ್ ಹಾಫ್‌ನ ಹಾಸ್ಯದಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಮೊದಲ 'ಕಾಂತಾರ'ದಲ್ಲಿ ಊರಿನವರ ಪೋಲಿ ಮಾತು ಇನ್ನೂ ಕಿವಿಯಲ್ಲಿದೆ. ಹೊಸದು ಅದಕ್ಕಿಂತ ಎಷ್ಟೋ ಪಟ್ಟು ಹಿರಿದು, ನನಗೆ ಮಾತ್ರ ಅಷ್ಟು ಹತ್ತಿರದ್ದಲ್ಲ. ಇದನ್ನು ಹೇಳಿದ್ದಕ್ಕೆ ಆಫೀಸಿನಲ್ಲಿ ಒಬ್ಬರು ಮೂರು ದಿನ ಕಾಫಿಗೆ ಕರೆಯಲಿಲ್ಲ.

ಸ್ಪಾಯ್ಲರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಥೆ ಹೇಳಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ "ಆ ಒಂದು ಪಾತ್ರದ ಮೇಲೆ ಕಣ್ಣಿಡಿ ಭಾವ" ಅಂತ ಹೇಳಿ ನಾನು ಪೂರ್ತಿ ಸಿನಿಮಾ ಹಾಳು ಮಾಡಿದ್ದೇನೆ. ಪಾಪ, ಅವರು ಆ ಪಾತ್ರ ಬಂದ ಮೊದಲ ದೃಶ್ಯದಿಂದಲೇ ಅನುಮಾನದಿಂದ ನೋಡುತ್ತಾ ಕೂತಿದ್ದರಂತೆ. "ಟ್ವಿಸ್ಟ್ ಇದೆ" ಅನ್ನುವುದೂ ಸ್ಪಾಯ್ಲರೇ.

ಯಾವ ಸಿನಿಮಾಕ್ಕೂ ಹೊಂದುವ ಮಾತು ಬೇಡ

ನಮ್ಮಲ್ಲಿ ಸಿನಿಮಾ ಬಗ್ಗೆ ಬರೆಯೋಕೆ ಒಂದು ರೆಡಿಮೇಡ್ ಕನ್ನಡ ಇದೆ. "ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ." "ಛಾಯಾಗ್ರಹಣ ಕಣ್ಣಿಗೆ ಹಬ್ಬ." "ಸಂಕಲನಕಾರರು ಕತ್ತರಿಗೆ ಇನ್ನಷ್ಟು ಕೆಲಸ ಕೊಡಬಹುದಿತ್ತು." "ಕುಟುಂಬ ಸಮೇತ ನೋಡಬಹುದಾದ ಚಿತ್ರ." ಚಿಕ್ಕಂದಿನಿಂದ ಶನಿವಾರದ ಪೇಪರ್ ಓದಿ ಓದಿ ಇವು ಬಾಯಿಪಾಠ ಆಗಿಬಿಟ್ಟಿವೆ. ನೀವು ಬರೆದ ವಾಕ್ಯದಲ್ಲಿ ಸಿನಿಮಾ ಹೆಸರು ತೆಗೆದು ಬೇರೆ ಹೆಸರು ಹಾಕಿ ನೋಡಿ. ಆಗಲೂ ವಾಕ್ಯ ಸರಿಯಾಗೇ ಇದ್ದರೆ ಹೊಡೆದುಹಾಕಿ.

'ಶಾಖಾಹಾರಿ' ನೋಡಿದಾಗ ನಾನೂ ಮೊದಲು "ರಂಗಾಯಣ ರಘು ಪಾತ್ರಕ್ಕೆ ಜೀವ ತುಂಬಿದ್ದಾರೆ" ಅಂತಲೇ ಬರೆದಿದ್ದೆ. ಹೊಡೆದುಹಾಕಿ ಯೋಚಿಸಿದೆ. ನಿಜವಾಗಿ ನಾನು ನೋಡಿದ್ದೇನು? ಎಷ್ಟೋ ಸಿನಿಮಾಗಳಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ನಗಿಸಿದ ಮನುಷ್ಯ ಇಲ್ಲಿ ಮಲೆನಾಡಿನ ಒಂದು ಸಣ್ಣ ಹೋಟೆಲ್ ನಡೆಸುವ ಸುಬ್ಬಣ್ಣ. ದನಿ ತಗ್ಗಿಸಿದ್ದಾರೆ. ಬಾಯಿಗಿಂತ ಜಾಸ್ತಿ ಮಾತಾಡುವುದು ಕೆಲಸ ಮಾಡುವ ಕೈ. ಯಾವುದೋ ಒಂದು ಹಂತದ ಮೇಲೆ ಆ ಕೈಗಳನ್ನು ನೋಡೋಕೇ ಭಯ ಆಗುತ್ತದೆ. ಈ ಮಾತನ್ನು ಬೇರೆ ಸಿನಿಮಾಕ್ಕೆ ಅಂಟಿಸೋಕೆ ಆಗಲ್ಲ ಅಲ್ವಾ?

ನಾನು ತೀರ ದೂರ ಇಟ್ಟಿರುವ ಮಾತು "ಒಳ್ಳೆ ಪ್ರಯತ್ನ". ಬೆನ್ನು ತಟ್ಟುವ ನೆಪದಲ್ಲಿ ಹೊರಗೆ ಕಳಿಸುವ ಮಾತು ಅದು. 2023ರ 'ಡೇರ್‌ಡೆವಿಲ್ ಮುಸ್ತಾಫಾ' ತೇಜಸ್ವಿಯವರ ಕಥೆ, ಅವರ ಓದುಗರೇ ಕೈಯಿಂದ ದುಡ್ಡು ಹಾಕಿ ಮಾಡಿದ ಸಿನಿಮಾ. ಇದನ್ನು ಕೇಳಿದ ಕೂಡಲೇ ನಮಗೆ ಅದರ ಮೇಲೆ ಪ್ರೀತಿ ಬಂದುಬಿಡುತ್ತದೆ. ಬರಲಿ. ಆದರೆ ಸಿನಿಮಾ ಮಾಡಿದ ಕಥೆ ಬೇರೆ, ಸಿನಿಮಾದ ಒಳಗಿನ ಕಥೆ ಬೇರೆ. ನನಗೆ ಕಾಲೇಜಿನ ಭಾಗ, ಒಬ್ಬನೇ ಮುಸ್ಲಿಂ ಹುಡುಗ ಕ್ಲಾಸಿಗೆ ಬಂದಾಗ ಉಳಿದವರು ಪಡುವ ಗಾಬರಿ, ಬಹಳ ಹಿಡಿಸಿತು. ಕ್ರಿಕೆಟ್ ಮ್ಯಾಚ್ ಸ್ವಲ್ಪ ಉದ್ದ ಆಯಿತು. ಹಾಗಂತ ಹೇಳಿದರೆ ಅದು ತೇಜಸ್ವಿಗೆ ದ್ರೋಹ ಆಗಲ್ಲ. ಕನ್ನಡ ಸಿನಿಮಾ ಉಳಿಸಬೇಕು ಅನ್ನುವ ಕಾಳಜಿಯಿಂದ ಸುಳ್ಳು ಹೊಗಳಿದರೆ, ಮುಂದಿನ ಸಲ ನೀವು ನಿಜವಾಗಿ ಹೊಗಳಿದಾಗಲೂ ನಿಮ್ಮ ಅಕ್ಕ ನಂಬಲ್ಲ. ನನಗೆ ಆಗಿದ್ದು ಅದೇ.

"ನಿಧಾನ" ಮತ್ತು "ಬೋರ್" ಇವೆರಡನ್ನೂ ಬಿಡಿಸಿ ಹೇಳಿ. ಸುಮಂತ್ ಭಟ್ ಅವರ 'ಮಿಥ್ಯ' ನಿಧಾನ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿ ಕಡೆಗೆ ಬರುತ್ತಾನೆ, ಜಾಸ್ತಿ ಮಾತಾಡಲ್ಲ, ಸಿನಿಮಾವೂ ಅವನ ಪಕ್ಕ ಸುಮ್ನೆ ಕೂತಿರುತ್ತದೆ. ಎರಡು ಸಲ ಟೈಮ್ ನೋಡಿದೆ, ನಿಜ. ಆದರೆ ಮನೆಗೆ ಬಂದ ಮೇಲೂ ಆ ಹುಡುಗ ಜೊತೆಗೇ ಬಂದ. ಇನ್ನು ಕೆಲವು ಸಿನಿಮಾ ಇರುತ್ತವೆ, ಹತ್ತು ನಿಮಿಷಕ್ಕೊಂದು ಫೈಟ್, ಸ್ಲೋ ಮೋಷನ್ ಎಂಟ್ರಿ, ಕಿವಿ ಕಿತ್ತುಹೋಗುವ ಹಿನ್ನೆಲೆ ಸಂಗೀತ, ಎಲ್ಲ ಇದ್ದೂ ಬೋರ್. ವೇಗವಾಗಿ ಓಡುವ ಬೋರ್.

ಸೀರೀಸ್ ಆದರೆ ಲೆಕ್ಕ ಬೇರೆ

ಎಂಟು ಗಂಟೆಯದ್ದನ್ನು ಒಂದೇ ಮಾತಿನಲ್ಲಿ ಹೇಳೋಕೆ ಹೋಗಬೇಡಿ. ಎಪಿಸೋಡ್ ಮುಗಿದಾಗ ಒಂದು ಸಾಲು. ಮುಂದಿನ ಎಪಿಸೋಡ್ ತಾನಾಗಿಯೇ ಶುರುವಾಗುವ ಮೊದಲು ಸಿಗುವ ಆ ಕೆಲವು ಸೆಕೆಂಡ್‌ನಲ್ಲಿ ನಿಮ್ಮ ಕೈ ಏನು ಮಾಡಿತು, ಅದೇ ಅಭಿಪ್ರಾಯ. ಮತ್ತೆ 1.5 ಸ್ಪೀಡ್‌ನಲ್ಲಿ ನೋಡಿದ್ದರೆ ಅದನ್ನು ಹೇಳಿಬಿಡಿ. ಓಡಿಸಿಕೊಂಡು ನೋಡಿ ನಟನೆ ಸರಿಯಿಲ್ಲ ಅನ್ನುವುದು ಅನ್ಯಾಯ.

2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಇಂಗ್ಲೆಂಡಿನ 'ಅಡೊಲೆಸೆನ್ಸ್' ನೋಡಿದವರೆಲ್ಲ ಹೇಳಿದ್ದು ಒಂದೇ: ನಾಲ್ಕು ಎಪಿಸೋಡ್, ಒಂದೊಂದೂ ಒಂದೇ ಶಾಟ್, ಕಟ್ಟೇ ಇಲ್ಲ. ಅದನ್ನು ಕೇಳಿ ನೋಡೋಕೆ ಕೂತಿದ್ದಕ್ಕೆ ನನಗೆ ಮೊದಲ ಎಪಿಸೋಡ್ ಹಾಳಾಯಿತು. ಹದಿಮೂರು ವರ್ಷದ ಹುಡುಗನನ್ನು ಪೊಲೀಸರು ಮನೆಗೆ ನುಗ್ಗಿ ಎತ್ತಿಕೊಂಡು ಹೋಗುತ್ತಿದ್ದಾರೆ, ಅವನ ಅಪ್ಪ ಕಂಗಾಲಾಗಿದ್ದಾನೆ, ನಾನು ಮಾತ್ರ ಎಲ್ಲಿ ಕಟ್ ಮಾಡಿರಬಹುದು ಅಂತ ಹುಡುಕುತ್ತಿದ್ದೇನೆ. ಮೂರನೇ ಎಪಿಸೋಡ್‌ನಲ್ಲಿ ಒಂದು ಕೋಣೆ, ಆ ಹುಡುಗ, ಅವನ ಜೊತೆ ಮಾತಾಡೋಕೆ ಬಂದ ಮನಶ್ಶಾಸ್ತ್ರಜ್ಞೆ, ಅಷ್ಟೇ. ಅಲ್ಲಿ ಕ್ಯಾಮೆರಾ ಮರೆತೇಹೋಯಿತು. ಹುಡುಗ ಎದ್ದು ಕೂಗಾಡಿದಾಗ ನಾನೂ ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ. ಆಮೇಲೆ ಗೊತ್ತಾಯಿತು, ಆ ಹುಡುಗ ಓವನ್ ಕೂಪರ್‌ಗೆ ಇದೇ ಮೊದಲ ನಟನೆ, ಅದರಲ್ಲೂ ಮೂರನೇ ಎಪಿಸೋಡನ್ನೇ ಮೊದಲು ಶೂಟ್ ಮಾಡಿದ್ದಂತೆ. ಹಾಗಾಗಿ ನಾನು ಈಗ ಒಂದೇ ಶಾಟ್ ವಿಷಯ ಯಾರಿಗೂ ಮೊದಲೇ ಹೇಳಲ್ಲ (ನಿಮಗೆ ಹೇಳಿಬಿಟ್ಟೆ, ಕ್ಷಮಿಸಿ). ಮೂರನೇ ಎಪಿಸೋಡ್ ತನಕ ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ.

ಕನ್ನಡದಲ್ಲಿ ಸೀರೀಸ್ ಇನ್ನೂ ಬೆರಳೆಣಿಕೆ. ರಕ್ಷಿತ್ ಶೆಟ್ಟಿ ಅವರ ಪರಂವಃ ತಂಡದ 'ಏಕಂ' ಸಿದ್ಧವಾಗಿದ್ದರೂ ಓಟಿಟಿಗಳು ಕೈ ಹಿಡಿಯದೆ, 2024ರ ಜುಲೈನಲ್ಲಿ ಅವರೇ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ಏಳು ಎಪಿಸೋಡ್, ಏಳೂ ಬೇರೆ ಬೇರೆ ಕಥೆ. ಇಂಥದ್ದಕ್ಕೆ ಒಟ್ಟಾರೆ ಹೇಗಿದೆ ಅಂತ ಹೇಳೋಕೆ ಬರುವುದಿಲ್ಲ. ಯಾವ ಕಥೆ ಹಿಡಿಸಿತು, ಯಾವುದು ಇಲ್ಲ ಅಂತ ಬಿಡಿಬಿಡಿಯಾಗಿ ಹೇಳಬೇಕು. ಜೀ5ನ 'ಅಯ್ಯನ ಮನೆ' ಇದಕ್ಕೆ ಉಲ್ಟಾ. ಅದೂ ಏಳೇ ಎಪಿಸೋಡ್, ಚಿಕ್ಕ ಚಿಕ್ಕವು, ಸೊಸೆಯರು ಸಾಯುವ ಮನೆಗೆ ಹೊಸ ಸೊಸೆ ಬರುವ ಕಥೆ, ಒಂದೇ ಉಸಿರಿಗೆ ನೋಡಿಸುತ್ತದೆ. ನಾನೂ ಅಮ್ಮನೂ ಒಂದೇ ರಾತ್ರಿ ಮುಗಿಸಿದೆವು. ಆ ಮನೆಯ ಕತ್ತಲೆ ಇಷ್ಟವಾಯಿತು. ಭಯಪಡು ಭಯಪಡು ಅಂತ ಸಂಗೀತ ಬೆನ್ನಿಗೆ ಗುದ್ದಿದ್ದು ಇಷ್ಟವಾಗಲಿಲ್ಲ. ಅಮ್ಮನಿಗೆ ಅದೂ ಇಷ್ಟವಾಯಿತು.

ಜಗಳ ಬಂದರೆ

ಬರುತ್ತದೆ. 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಬಿ, ಅಂದರೆ ಎರಡನೇ ಭಾಗ, 2023ರ ನವೆಂಬರ್‌ನಲ್ಲಿ ಬಂದಾಗ ನನಗೂ ನನ್ನ ಹಳೇ ರೂಮ್‌ಮೇಟ್‌ಗೂ ದೊಡ್ಡ ಜಗಳ ಆಯಿತು. ಸೈಡ್ ಎ ಇಬ್ಬರಿಗೂ ಪ್ರಾಣ. ಸೈಡ್ ಬಿಯಲ್ಲಿ ಜೈಲಿನಿಂದ ಬಂದ ಮನು, ಬೇರೆ ಮದುವೆಯಾಗಿರುವ ತನ್ನ ಹಳೇ ಪ್ರೇಯಸಿ ಪ್ರಿಯಾಳನ್ನು ದೂರದಿಂದ ಹಿಂಬಾಲಿಸುತ್ತಾನೆ. ಗೆಳೆಯ ಅಳುತ್ತಾ ಹೊರಗೆ ಬಂದ. ನಾನು "ಇದು ಪ್ರೀತಿನಾ? ಯಾರೋ ನಿನ್ನ ತಂಗಿ ಹಿಂದೆ ಹೀಗೆ ತಿರುಗಿದ್ರೆ ಏನ್ ಮಾಡ್ತೀಯ?" ಅಂದೆ. ಅವನು ಬೈಕ್ ಸ್ಟಾರ್ಟ್ ಮಾಡಿ ನನ್ನನ್ನು ಬಿಟ್ಟೇ ಹೋದ.

ನಾನು ಹೇಳಿದ್ದು ತಪ್ಪಲ್ಲ, ಹೇಳಿದ ರೀತಿ ತಪ್ಪು. ತೀರ್ಪಿಗೆ ತೀರ್ಪು ಎದುರು ನಿಂತರೆ ಮಾತು ಅಲ್ಲೇ ಮುಗಿಯುತ್ತದೆ. ವಾರ ಬಿಟ್ಟು ಟೀ ಕುಡಿಯುತ್ತಾ ಕೇಳಿದೆ, ಯಾವ ದೃಶ್ಯದಲ್ಲಿ ಅಳು ಬಂತು ಅಂತ. ಅವನು ಹೇಳಿದ ದೃಶ್ಯವೇ ನನಗೆ ಕಸಿವಿಸಿ ಮಾಡಿದ್ದು. ಅವನು ಅಲ್ಲಿ ನೋಡುತ್ತಿದ್ದದ್ದು ಹತ್ತು ವರ್ಷ ಕಳೆದುಕೊಂಡ ಮನುವನ್ನು. ನಾನು ಹುಡುಕುತ್ತಿದ್ದದ್ದು ಪ್ರಿಯಾಳನ್ನು. ನನಗೆ ಅಲ್ಲಿ ಪ್ರಿಯಾ ಸಿಗಲಿಲ್ಲ, ಮನು ಕಣ್ಣಿಗೆ ಕಂಡ ಪ್ರಿಯಾ ಮಾತ್ರ ಸಿಕ್ಕಳು. ಇದನ್ನು ಹೀಗೆ ಹೇಳಿದಾಗ ಅವನು ಒಪ್ಪಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಟೀ ದುಡ್ಡು ಅವನೇ ಕೊಟ್ಟ.

ಹಾಗಾಗಿ ಜಗಳ ಶುರುವಾಗುವ ಹಾಗೆ ಕಂಡರೆ ದೃಶ್ಯ ಕೇಳಿ. ದೃಶ್ಯವೇ ನೆನಪಿಲ್ಲದೆ ಬರೀ "ಮಾಸ್ಟರ್‌ಪೀಸ್" ಅಥವಾ "ಡಬ್ಬಾ" ಅನ್ನುವವರ ಜೊತೆ ವಾದ ಬೇಡ, ಹೂಂ ಅಂದು ಬಿಟ್ಟುಬಿಡಿ. ಅಭಿಮಾನಿಯಾಗಿದ್ದರೆ ಮೊದಲೇ ಹೇಳಿಕೊಂಡುಬಿಡಿ. ನಾನು ಈಗ ಉಪೇಂದ್ರ ಸಿನಿಮಾ ಬಗ್ಗೆ ಕೇಳಿದರೆ "ನನ್ನನ್ನು ಕೇಳಬೇಡಿ, ನಾನು ಅವರ ಕಡೆಯವನು" ಅಂತಲೇ ಶುರು ಮಾಡುತ್ತೇನೆ.

ಅಕ್ಕನ ಫೋನ್ ಈಗಲೂ ಶನಿವಾರ ಬರುತ್ತದೆ. 'ಅಧ್ಯಾಯ 1' ಬಂದ ವಾರ ಹೀಗೆ ಹೇಳಿದೆ: "ಎರಡೂಮುಕ್ಕಾಲು ಗಂಟೆ ಇದೆ. ಫಸ್ಟ್ ಹಾಫ್‌ನಲ್ಲಿ ಎರಡು ಸಲ ಟೈಮ್ ನೋಡಿದೆ. ಸೆಕೆಂಡ್ ಹಾಫ್‌ನಲ್ಲಿ ನೋಡಿಲ್ಲ. ಸೌಂಡ್ ಜಾಸ್ತಿ, ರಕ್ತ ಜಾಸ್ತಿ, ಚಿಕ್ಕವನು ಹೆದರಬಹುದು. ಟಿವಿಯಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ ಬಿಡು, ಚಿಕ್ಕವನನ್ನ ಅತ್ತೆ ಹತ್ರ ಬಿಟ್ಟು ಹೋಗ್ತೀವಿ. ಪಾಪ್‌ಕಾರ್ನ್ ದುಡ್ಡು ಉಳೀತು" ಅಂದಳು.